ಪರಾವಲಂಬಿಯ ಪ್ರೋಟೀನು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಮಣ್ಣೆರಚುತ್ತದೆಯೇ? ಆ ಮಾತನ್ನು ಒರೆಗೆ ಹಚ್ಚುವ ಬಗೆ

ಪರಾವಲಂಬಿಗಳ ಕುರಿತ ಸಂಶೋಧನಾ ಪ್ರಬಂಧಗಳನ್ನು ಓದತೊಡಗಿದ ವಿದ್ಯಾರ್ಥಿಗೆ ಬಹುಬೇಗ ಎದುರಾಗುವ ಒಂದು ವಾಕ್ಯವಿದೆ: ‘ಈ ಪ್ರೋಟೀನು ಆತಿಥೇಯ ದೇಹದ ರೋಗನಿರೋಧಕ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲು ಪರಾವಲಂಬಿಗೆ ನೆರವಾಗುತ್ತದೆ.’ ಕೆಲವು ಪ್ರಬಂಧಗಳಲ್ಲಿ ಈ ಮಾತಿನ ಹಿಂದೆ ದಶಕಗಳ ಪ್ರಯೋಗಗಳ ಬಲವಿರುತ್ತದೆ. ಇನ್ನು ಕೆಲವದರಲ್ಲಿ ಎರಡು ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡವು ಎಂಬ ಒಂದೇ ಪ್ರಯೋಗವನ್ನು ನೆಚ್ಚಿಕೊಂಡು ಅದನ್ನು ಬರೆದಿರುತ್ತಾರೆ. ಓದುವವರ ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಯಾವ ಪ್ರೋಟೀನನ್ನು ಲಸಿಕೆಗೆ ಆರಿಸಿಕೊಳ್ಳಬೇಕು, ಯಾವುದರ ಬೆನ್ನು ಹತ್ತಿದರೆ ವರ್ಷಗಟ್ಟಲೆ ದುಡಿಮೆ ಮಣ್ಣುಪಾಲಾಗುತ್ತದೆ ಎಂಬ ನಿರ್ಧಾರಗಳೆಲ್ಲ ಈ ಎರಡರ ನಡುವಿನ ಅಂತರವನ್ನು ಗುರುತಿಸುವುದರ ಮೇಲೆ ನಿಂತಿರುವುದರಿಂದ, ಆ ಗುರುತಿಸುವಿಕೆಗೆ ಒಂದು ಕ್ರಮ ಬೇಕು. ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಅವರಿಗೆ ಪಾಠ ಹೇಳುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮುಖ್ಯ ಉದಾಹರಣೆ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿಯದು, ಅದರಲ್ಲೂ ಅದರ ಪಿಎಫ್‌ಇಎಂಪಿ1 ಎಂಬ ಪ್ರೋಟೀನಿನದು. ಇದರಷ್ಟು ನಾನಾ ದಿಕ್ಕುಗಳಿಂದ ಪರೀಕ್ಷೆಗೆ ಒಳಗಾದ ಪರಾವಲಂಬಿ ಪ್ರೋಟೀನುಗಳು ಕಡಿಮೆ. ಸಾಕ್ಷ್ಯ ಎಂದರೆ ಹೇಗಿರಬೇಕು ಎಂಬುದಕ್ಕೆ ಅದು ಒಳ್ಳೆಯ ಅಳತೆಗೋಲು.

ವಾಕ್ಯವನ್ನು ಬಿಡಿಸಿ ಬರೆದುಕೊಳ್ಳಿ

ಪ್ರಬಂಧವನ್ನು ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಅದರ ಮೇಲೆ ನಾಲ್ಕು ಖಾಲಿ ಜಾಗಗಳನ್ನು ಬಿಡಿ. ಪ್ರೋಟೀನು ಪರಾವಲಂಬಿಯ ಬದುಕಿನ ಯಾವ ಹಂತದಲ್ಲಿ, ಯಾವ ಜಾಗದಲ್ಲಿ ಇರುತ್ತದೆ ಎಂಬುದು ಮೊದಲನೆಯದು. ರಕ್ಷಣೆಯ ಯಾವ ಅಂಗವನ್ನು ಅದು ವಂಚಿಸುತ್ತದೆ ಎಂಬುದು ಎರಡನೆಯದು. ಪ್ರತಿಕಾಯವೋ, ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳ ವ್ಯವಸ್ಥೆಯೋ, ಗುಲ್ಮವೋ (ಸ್ಪ್ಲೀನ್), ಸೋಂಕಿತ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳೋ ಎಂದು ಹೆಸರಿಸಿಯೇ ಬರೆಯಬೇಕು, ‘ರೋಗನಿರೋಧಕ ವ್ಯವಸ್ಥೆ’ ಎಂಬ ಒಟ್ಟು ಹೆಸರು ಇಲ್ಲಿ ಸಲ್ಲದು. ವಂಚಿಸುವ ಬಗೆ ಯಾವುದು ಎಂಬುದು ಮೂರನೆಯದು: ಅಡಗಿಕೊಳ್ಳುವುದು, ವೇಷ ಬದಲಿಸುವುದು, ಆಯುಧವನ್ನು ಮುರಿಯುವುದು, ದಾಳಿಗೆ ಹೊರಟ ಕೋಶಕ್ಕೆ ಸುಮ್ಮನಿರುವಂತೆ ಸಂಕೇತ ಕೊಡುವುದು, ಇವೆಲ್ಲ ಬೇರೆ ಬೇರೆ ಕೆಲಸಗಳು, ಇವುಗಳಿಗೆ ಬೇಕಾದ ಸಾಕ್ಷ್ಯವೂ ಬೇರೆ ಬೇರೆ. ಆ ಪ್ರೋಟೀನು ಇಲ್ಲದಿದ್ದರೆ ಪರಾವಲಂಬಿಗೆ ಆಗುವ ನಷ್ಟವೇನು ಎಂಬುದು ನಾಲ್ಕನೆಯದು. ನಾಲ್ಕನೆಯ ಜಾಗವೇ ಸಾಮಾನ್ಯವಾಗಿ ಖಾಲಿ ಉಳಿಯುವುದು.

ರಕ್ತಲೇಪನದಿಂದ ಆರಂಭಿಸಿ

ಪ್ರೋಟೀನಿನ ಹೆಸರಿಗಿಂತ ಮೊದಲು ರೋಗಿಯ ರಕ್ತದಲ್ಲಿ ಏನು ಕಾಣುತ್ತದೆ ಎಂಬುದನ್ನು ನೋಡುವ ಅಭ್ಯಾಸ ಒಳ್ಳೆಯದು. ಮಂಗಳೂರು ಬಹುಕಾಲ ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲನ್ನು ಹೊತ್ತ ಊರು; ಅಲ್ಲಿ ಹೆಚ್ಚಾಗಿ ಕಾಣಿಸಿದ್ದು ಪ್ಲಾಸ್ಮೋಡಿಯಂ ವೈವಾಕ್ಸ್ ಎಂಬ ಇನ್ನೊಂದು ಪರಾವಲಂಬಿ ತರುವ ಮಲೇರಿಯಾ. ವೈವಾಕ್ಸ್ ರೋಗಿಯ ರಕ್ತಲೇಪನವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಂಗುರದಂಥ ಎಳೆಯ ಹಂತ, ಹರಡಿಕೊಂಡ ನಡುಹಂತ, ಮರಿಗಳಿಂದ ತುಂಬಿದ ಬಲಿತ ಹಂತ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಫಾಲ್ಸಿಪಾರಂ ರೋಗಿಯ ಲೇಪನದಲ್ಲಿ ಹಾಗಿಲ್ಲ. ಅಲ್ಲಿ ಹೆಚ್ಚಿನಂಶ ಉಂಗುರಗಳೇ, ಜೊತೆಗೆ ಕೆಲವೊಮ್ಮೆ ಬಾಳೆಹಣ್ಣಿನ ಆಕಾರದ ಲೈಂಗಿಕ ಹಂತಗಳು. ಪರಾವಲಂಬಿ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಬೆಳೆಯುತ್ತದೆ; ಹಾಗಿದ್ದಲ್ಲಿ ಆ ಅವಧಿಯ ಎರಡನೆಯ ಅರ್ಧದಲ್ಲಿರುವ ಪರಾವಲಂಬಿಗಳು ಎಲ್ಲಿ ಹೋದವು?

ಅವು ಎಲ್ಲಿಗೂ ಹೋಗಿರುವುದಿಲ್ಲ, ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುತ್ತವೆ. ಸೋಂಕು ತಗುಲಿದ ರಕ್ತಕಣ ಬಿರುಸಾಗುತ್ತದೆ. ಅಂಥ ಕಣ ಗುಲ್ಮದ ಕಿರಿದಾದ ಸಂದಿಗಳಲ್ಲಿ ನುಸುಳಲಾರದೆ ಅಲ್ಲೇ ಸಿಕ್ಕಿಬಿದ್ದು ನಾಶವಾಗುತ್ತದೆ. ನಾಳದ ಗೋಡೆಗೆ ಅಂಟಿಕೊಂಡ ಕಣ ಗುಲ್ಮದ ಕಡೆಗೆ ಹರಿದುಹೋಗುವುದೇ ಇಲ್ಲ. ಅಂಟಿಸುವ ಗೋಂದೇ ಪಿಎಫ್‌ಇಎಂಪಿ1. ಪರಾವಲಂಬಿ ಅದನ್ನು ತನ್ನ ಮೈಯ ಮೇಲೆ ಇಟ್ಟುಕೊಳ್ಳದೆ, ತಾನಿರುವ ರಕ್ತಕಣದ ಹೊರಮೈಗೆ ಸಾಗಿಸಿ, ಅಲ್ಲಿ ತಾನೇ ಎಬ್ಬಿಸಿದ ಗುಬುಟುಗಳ ಮೇಲೆ ಕೂರಿಸುತ್ತದೆ. ಕಣದೊಳಗೆ ಪರಾವಲಂಬಿ ನೆಲೆಸಿ ಸುಮಾರು 16ರಿಂದ 20 ಗಂಟೆ ಕಳೆದ ಮೇಲೆ ಈ ಪ್ರೋಟೀನು ಹೊರಗೆ ಕಾಣಿಸಿಕೊಳ್ಳುತ್ತದೆ. ಲೇಪನದಲ್ಲಿ ಉಂಗುರಗಳು ಉಳಿದು ಬಲಿತವು ಮಾಯವಾಗುವ ಹೊತ್ತೂ ಅದೇ.

ಆದರೆ ಹೊರಗೆ ಬಂದದ್ದನ್ನು ಪ್ರತಿಕಾಯಗಳು ನೋಡಿಯೇ ನೋಡುತ್ತವೆ. ಪ್ರತಿಕಾಯಗಳು ಮಲೇರಿಯಾವನ್ನು ತಗ್ಗಿಸಬಲ್ಲವು ಎಂಬುದು 1961ರಲ್ಲೇ ಗ್ಯಾಂಬಿಯಾದಲ್ಲಿ ಸ್ಪಷ್ಟವಾಗಿತ್ತು: ಅಲ್ಲಿನ ರೋಗನಿರೋಧಕತೆ ಪಡೆದ ವಯಸ್ಕರ ರಕ್ತದಿಂದ ತೆಗೆದ, ಪ್ರತಿಕಾಯಗಳಿರುವ ಗ್ಯಾಮಾ ಗ್ಲಾಬ್ಯುಲಿನ್ ಅಂಶವನ್ನು ಕಾಯಿಲೆಬಿದ್ದ ಮಕ್ಕಳಿಗೆ ಕೊಟ್ಟಾಗ, ಮಕ್ಕಳ ರಕ್ತದಲ್ಲಿನ ಪರಾವಲಂಬಿಗಳ ಸಂಖ್ಯೆ ಬಹಳವಾಗಿ ಇಳಿಯಿತು. ಗುಲ್ಮದಿಂದ ತಪ್ಪಿಸಿಕೊಳ್ಳಲು ಹೊರಚಾಚಿದ ಪ್ರೋಟೀನೇ ಪ್ರತಿಕಾಯದ ಗುರಿಯಾಗುವ ಈ ಇಕ್ಕಟ್ಟಿಗೆ ಪರಾವಲಂಬಿ ಕಂಡುಕೊಂಡ ದಾರಿ ವೇಷ ಬದಲಿಸುವುದು. ಒಂದೊಂದು ಫಾಲ್ಸಿಪಾರಂ ಪರಾವಲಂಬಿಯ ಬಳಿಯೂ ‘ವಾರ್’ ಎಂಬ ಕುಟುಂಬದ ಸುಮಾರು 60 ವಂಶವಾಹಿಗಳಿವೆ. ಒಂದೊಂದೂ ಬೇರೆ ರೂಪದ ಪಿಎಫ್‌ಇಎಂಪಿ1 ಅನ್ನು ಕೊಡುತ್ತದೆ, ಒಂದು ಹೊತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಚಾಲೂ ಆಗಿರುತ್ತದೆ. ಪ್ರತಿಕಾಯಗಳು ಒಂದು ರೂಪವನ್ನು ಕಲಿತು ಆ ಗುಂಪನ್ನು ಅಳಿಸುವ ಹೊತ್ತಿಗೆ ಇನ್ನೊಂದು ರೂಪ ತೊಟ್ಟ ಕೆಲವು ಪರಾವಲಂಬಿಗಳು ಬೆಳೆಯುತ್ತಿರುತ್ತವೆ.

ಇಲ್ಲಿ ಎರಡನೆಯ ಖಾಲಿ ಜಾಗಕ್ಕೆ ಎರಡು ಉತ್ತರಗಳು ಬಂದುದನ್ನು ಗಮನಿಸಿ. ಅಂಟಿಕೊಳ್ಳುವುದು ಗುಲ್ಮವನ್ನು ವಂಚಿಸಲು, ರೂಪ ಬದಲಿಸುವುದು ಪ್ರತಿಕಾಯವನ್ನು ವಂಚಿಸಲು. ಎರಡನ್ನೂ ಕಲಸಿ ಒಂದೇ ಮಾತಾಗಿ ಬರೆದರೆ, ಮುಂದೆ ಯಾವ ಪ್ರಯೋಗ ಯಾವುದನ್ನು ಸಾಬೀತುಮಾಡಿತು ಎಂಬುದೇ ತಿಳಿಯದು.

ದತ್ತಸಂಚಯದಲ್ಲಿ ನೋಡಬೇಕಾದದ್ದು, ನಂಬಬಾರದ್ದು

ಫಾಲ್ಸಿಪಾರಂನ 3ಡಿ7 ತಳಿಯ ಜೀನೋಮ್ 2002ರಲ್ಲಿ ಪ್ರಕಟವಾಯಿತು: 14 ವರ್ಣತಂತುಗಳು, ಸುಮಾರು 2.3 ಕೋಟಿ ಅಕ್ಷರಗಳು, ಐದು ಸಾವಿರಕ್ಕೂ ಹೆಚ್ಚು ವಂಶವಾಹಿಗಳು. ಪ್ಲಾಸ್ಮೋಡಿಬಿ ಎಂಬ ದತ್ತಸಂಚಯದಲ್ಲಿ ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಇದೆ. ಉದಾಹರಣೆಗೆ ಪಿಎಫ್3ಡಿ7_1200600 ಎಂಬುದನ್ನು ತೆಗೆದುಕೊಳ್ಳಿ. ಅಡಿಗೆರೆಯ ನಂತರದ 12 ವರ್ಣತಂತುವಿನ ಸಂಖ್ಯೆ, ಅದರ ಮುಂದಿನ 006 ವರ್ಣತಂತುವಿನ ಒಂದು ತುದಿಯಿಂದ ಎಣಿಸಿದ ಸ್ಥಾನ. ತುದಿಗೆ ಇಷ್ಟು ಹತ್ತಿರವಿದೆ ಎಂಬುದೇ ಒಂದು ಸುಳಿವು, ಏಕೆಂದರೆ ವಾರ್ ವಂಶವಾಹಿಗಳಲ್ಲಿ ಬಹಳಷ್ಟು ವರ್ಣತಂತುಗಳ ತುದಿಗಳಲ್ಲೇ ಇವೆ. ಈ ಸಂಖ್ಯೆ ವಾರ್2ಸಿಎಸ್‌ಎ ಎಂಬ ಪಿಎಫ್‌ಇಎಂಪಿ1 ರೂಪದ್ದು. ಇದರ ವಿಷಯ ಮುಂದೆ ಬರುತ್ತದೆ.

ವಂಶವಾಹಿಯ ಪುಟದಲ್ಲಿ ಮೊದಲು ಪ್ರೋಟೀನಿನ ಉದ್ದ, ಪೊರೆಯನ್ನು ದಾಟುವ ಭಾಗ ಇದೆಯೇ ಇಲ್ಲವೇ, 48 ಗಂಟೆಗಳಲ್ಲಿ ಯಾವಾಗ ಅದರ ಆರ್‌ಎನ್‌ಎ ಹೆಚ್ಚುತ್ತದೆ ಎಂಬುದನ್ನು ಬರೆದುಕೊಳ್ಳಿ. ನಂತರ ರಫ್ತು ಚಿಹ್ನೆಯನ್ನು ಹುಡುಕಿ. 2004ರಲ್ಲಿ ಎರಡು ಗುಂಪುಗಳು ಪೆಕ್ಸೆಲ್ ಎಂಬ ಐದು ಅಮೈನೋ ಆಮ್ಲಗಳ ಚಿಹ್ನೆಯನ್ನು ವಿವರಿಸಿದವು: ಮೊದಲ ಸ್ಥಾನದಲ್ಲಿ ಆರ್ಜಿನಿನ್, ಮೂರನೆಯದರಲ್ಲಿ ಲ್ಯೂಸಿನ್, ಐದನೆಯದರಲ್ಲಿ ಗ್ಲುಟಮೇಟ್, ಆಸ್ಪರ್ಟೇಟ್ ಅಥವಾ ಗ್ಲುಟಮೈನ್, ನಡುವಿನ ಎರಡು ಸ್ಥಾನಗಳಲ್ಲಿ ಏನಾದರೂ ಇರಬಹುದು. ಈ ಚಿಹ್ನೆ ಇರುವ ನೂರಾರು ಪ್ರೋಟೀನುಗಳು ಪರಾವಲಂಬಿಯಿಂದ ಹೊರಟು ರಕ್ತಕಣದೊಳಕ್ಕೆ ಹೋಗುತ್ತವೆ.

ಅನೇಕರು ಎಡವುವುದು ಇಲ್ಲಿಯೇ. ಪೆಕ್ಸೆಲ್ ಇಲ್ಲವೆಂದರೆ ರಫ್ತಾಗುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಎಲ್ಲರಿಗಿಂತ ಪ್ರಸಿದ್ಧವಾದ ರಫ್ತು ಪ್ರೋಟೀನಾದ ಪಿಎಫ್‌ಇಎಂಪಿ1ರಲ್ಲಿಯೇ ಆ ಮಾದರಿಯ ಚಿಹ್ನೆ ಇಲ್ಲ, ಅದನ್ನು ಹೊರಮೈಗೆ ತಲುಪಿಸಲು ಅಗತ್ಯವಾದ ಎಸ್‌ಬಿಪಿ1ರಲ್ಲೂ ಇಲ್ಲ. ಚಿಹ್ನೆ ಸಿಕ್ಕರೆ ಅದೊಂದು ಸುಳಿವು, ಸಿಗದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಇನ್ನೊಂದು ಎಚ್ಚರಿಕೆ: ರೋಗಿಯ ರಕ್ತದಿಂದ ತೆಗೆದ ಆರ್‌ಎನ್‌ಎಯನ್ನು 3ಡಿ7 ಜೀನೋಮಿನೊಂದಿಗೆ ತಾಳೆ ನೋಡಿ, ವಾರ್ ವಂಶವಾಹಿ ಚಾಲೂ ಇಲ್ಲ ಎಂದು ಬರೆದಿದ್ದರೆ ಆ ಸಾಲಿನ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಒಂದು ತಳಿಯ ವಾರ್ ಭಂಡಾರ ಇನ್ನೊಂದರದಕ್ಕಿಂತ ಎಷ್ಟು ಬೇರೆ ಎಂದರೆ, ರೋಗಿಯಲ್ಲಿದ್ದ ರೂಪ 3ಡಿ7ರಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಹೊರಮೈಯಲ್ಲಿದೆ ಎಂದು ಯಾರು ಹೇಳಿದರು?

ಪ್ರತಿಕಾಯದೊಂದಿಗೆ ಕಣ್ಣಾಮುಚ್ಚಾಲೆ ಆಡುವ ಪ್ರೋಟೀನು ಪ್ರತಿಕಾಯಕ್ಕೆ ಎಟಕುವ ಜಾಗದಲ್ಲಿರಬೇಕು. ಕೋಶವನ್ನು ರಾಸಾಯನಿಕದಿಂದ ಬಿಗಿಗೊಳಿಸಿ, ಪೊರೆಯನ್ನು ತೂತುಮಾಡಿ, ಹೊಳೆಯುವ ಪ್ರತಿಕಾಯ ಹಚ್ಚಿ ತೆಗೆದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಪೊರೆಯ ಒಳಬದಿ ಹೊರಬದಿಗಳ ವ್ಯತ್ಯಾಸವನ್ನು ಅದು ಹೇಳಲಾರದು. ಜೀವಂತ, ತೂತುಮಾಡದ ಕಣಗಳ ಮೇಲೆ ಮಾಡಿದ ಪರೀಕ್ಷೆಯನ್ನು ಪ್ರಬಂಧದಲ್ಲಿ ಹುಡುಕಿ. ಪಿಎಫ್‌ಇಎಂಪಿ1 ವಿಷಯದಲ್ಲಿ ಹಳೆಯ ಟ್ರಿಪ್ಸಿನ್ ಪರೀಕ್ಷೆ ಇಂದಿಗೂ ನಂಬಿಕೆಗೆ ಅರ್ಹವಾದದ್ದು, ಅದನ್ನು ಓದುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸೋಂಕು ತಗುಲಿದ ಇಡೀ ಕಣಗಳನ್ನು ಮೂರು ಪಾಲು ಮಾಡುತ್ತಾರೆ. ಒಂದಕ್ಕೆ ಏನೂ ಹಾಕುವುದಿಲ್ಲ, ಒಂದಕ್ಕೆ ಟ್ರಿಪ್ಸಿನ್, ಮತ್ತೊಂದಕ್ಕೆ ಟ್ರಿಪ್ಸಿನ್ ಜೊತೆ ಅದನ್ನು ತಡೆಯುವ ಸೋಯಾಬೀನ್ ಪ್ರತಿರೋಧಕ. ಪ್ರೋಟೀನುಗಳನ್ನು ಕತ್ತರಿಸುವ ಟ್ರಿಪ್ಸಿನ್ ಕಣದ ಒಳಗೆ ಹೋಗಲಾರದು, ಆದ್ದರಿಂದ ಹೊರಗೆ ಚಾಚಿದ್ದು ಮಾತ್ರ ತುಂಡಾಗುತ್ತದೆ. ನಂತರ ಪ್ರೋಟೀನುಗಳನ್ನು ಜೆಲ್ಲಿನ ಮೇಲೆ ಓಡಿಸಿ, ಪಿಎಫ್‌ಇಎಂಪಿ1ರ ಒಳಬಾಲವನ್ನು ಗುರುತಿಸುವ ಪ್ರತಿಕಾಯದಿಂದ ನೋಡುತ್ತಾರೆ. ಮೊದಲ ಪಾಲಿನಲ್ಲಿ 200ರಿಂದ 350 ಕಿಲೋಡಾಲ್ಟನ್ ತೂಕದ ನಡುವೆ ಎಲ್ಲೋ ಒಂದು ಪಟ್ಟಿ ಕಾಣುತ್ತದೆ. ಎರಡನೆಯದರಲ್ಲಿ ಆ ಪಟ್ಟಿ ಮಸುಕಾಗಿ, ಕೆಳಗೆ 70ರಿಂದ 90 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಪೊರೆಯೊಳಗೆ ಸುರಕ್ಷಿತವಾಗಿ ಉಳಿದ ಬಾಲದ ತುಂಡುಗಳು ಕಾಣಿಸಿಕೊಳ್ಳುತ್ತವೆ. ಮೂರನೆಯದು ಮೊದಲನೆಯದರಂತೆಯೇ ಇರಬೇಕು. ದೊಡ್ಡ ಪಟ್ಟಿ ಪೂರ್ತಿ ಮಾಯವಾಗದಿದ್ದರೆ ಗಾಬರಿ ಬೇಡ: ಪಿಎಫ್‌ಇಎಂಪಿ1ರ ಒಂದು ಪಾಲು ಇನ್ನೂ ಸಾಗಣೆಯ ದಾರಿಯಲ್ಲಿ, ಕಣದ ಒಳಗೇ ಇರುತ್ತದೆ.

ಈ ಚಿತ್ರದಲ್ಲಿ ನಾಲ್ಕನೆಯ ಒಂದು ಸಾಲು ಕಡ್ಡಾಯವಾಗಿ ಇರಬೇಕು, ಅದು ಸೋಂಕಿಲ್ಲದ ರಕ್ತಕಣಗಳದ್ದು. ಒಳಬಾಲವನ್ನು ಗುರುತಿಸುವ ಪ್ರತಿಕಾಯಗಳು ನಮ್ಮದೇ ರಕ್ತಕಣದ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿಗೂ ಅಂಟುವುದುಂಟು. ಸ್ಪೆಕ್ಟ್ರಿನ್‌ನ ತೂಕವೂ 200 ಕಿಲೋಡಾಲ್ಟನ್ ದಾಟಿದ್ದು, ಕಣದಲ್ಲಿ ಹೇರಳವಾಗಿರುವಂಥದ್ದು. ಆ ಸಾಲಿಲ್ಲದ ಚಿತ್ರದಲ್ಲಿ ದಪ್ಪಗೆ ಕಾಣುವ ಪಟ್ಟಿಯನ್ನು ಪಿಎಫ್‌ಇಎಂಪಿ1 ಎಂದು ಒಪ್ಪಿಕೊಳ್ಳಬೇಡಿ. ಇಂಥ ಒಂದು ಸಾಲಿಗಾಗಿ ಪ್ರಬಂಧದ ಜೊತೆಗಿನ ಹೆಚ್ಚುವರಿ ಕಡತಗಳನ್ನು ತಡಕಾಡುವುದು ಬೇಸರದ ಕೆಲಸವೆಂದು ಅನ್ನಿಸಬಹುದು, ಆದರೆ ಓದುವಿಕೆಯ ನಿಜವಾದ ಭಾಗ ಅದೇ ಎಂದು ನಾನು ನಂಬಿದ್ದೇನೆ.

ಅಂಟಿಕೊಂಡ ಮಾತ್ರಕ್ಕೆ ವಂಚಿಸಿದಂತಲ್ಲ

ನಮ್ಮ ರಕ್ತದಲ್ಲಿರುವ ಕಾಂಪ್ಲಿಮೆಂಟ್ ವ್ಯವಸ್ಥೆ ಪರಕೀಯ ಮೇಲ್ಮೈಗಳ ಮೇಲೆ ತೂತು ಕೊರೆಯಬಲ್ಲದು. ನಮ್ಮದೇ ಕೋಶಗಳಿಗೆ ಹಾನಿಯಾಗದಂತೆ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನು ಕಾವಲು ಕಾಯುತ್ತದೆ. ಪರಾವಲಂಬಿಯ ಒಂದು ಪ್ರೋಟೀನು ಫ್ಯಾಕ್ಟರ್ ಎಚ್ ಅನ್ನು ಹಿಡಿದುಕೊಂಡರೆ, ಅದು ನಮ್ಮ ಕಾವಲುಗಾರನನ್ನು ತನ್ನ ಮನೆಬಾಗಿಲಲ್ಲಿ ನಿಲ್ಲಿಸಿಕೊಂಡಿದೆ ಎಂಬ ವಾದ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಫ್ಯಾಕ್ಟರ್ ಎಚ್ ಋಣ ವಿದ್ಯುದಂಶವುಳ್ಳ ಮೇಲ್ಮೈಗಳಿಗೆ ಅಂಟುವ ಸ್ವಭಾವದ್ದು. ಆದ್ದರಿಂದ ಶುದ್ಧೀಕರಿಸಿದ ಎರಡು ಪ್ರೋಟೀನುಗಳು ತಟ್ಟೆಯ ಮೇಲೆ ಅಂಟಿಕೊಂಡದ್ದು ಆರಂಭ ಮಾತ್ರ.

ಹೀಗಿರುವಾಗ ಮೂರು ಪ್ರಶ್ನೆಗಳನ್ನು ಕೇಳಿ. ಇಡೀ ಸೀರಂನಲ್ಲಿ, ಇತರ ಸಾವಿರಾರು ಪ್ರೋಟೀನುಗಳ ನಡುವೆಯೂ ಈ ಬಂಧ ಉಂಟಾಗುತ್ತದೆಯೇ? ಹಿಡಿದಿಟ್ಟ ಫ್ಯಾಕ್ಟರ್ ಎಚ್ ತನ್ನ ಕೆಲಸವನ್ನು ಅಲ್ಲಿಯೂ ಮಾಡುತ್ತಿದೆಯೇ? ಪರಾವಲಂಬಿಯ ಆ ಪ್ರೋಟೀನನ್ನು ತೆಗೆದರೆ ಕಾಂಪ್ಲಿಮೆಂಟ್‌ನ ದಾಳಿ ಜೋರಾಗುತ್ತದೆಯೇ? ರಕ್ತಕಣವನ್ನು ಹೊಕ್ಕಲು ಹೊರಟ ಫಾಲ್ಸಿಪಾರಂ ಮೆರೊಜೋಯಿಟ್‌ಗಳ ಮೈಮೇಲಿರುವ ಪಿಎಫ್92 ಎಂಬ ಪ್ರೋಟೀನಿನ ಕುರಿತು 2016ರಲ್ಲಿ ಪ್ರಕಟವಾದ ಕೆಲಸ ಈ ಪ್ರಶ್ನೆಗಳನ್ನು ಎದುರಿಸಿದೆ: ಪಿಎಫ್92ರ ವಂಶವಾಹಿಯನ್ನು ತೆಗೆದಾಗ ಫ್ಯಾಕ್ಟರ್ ಎಚ್ ಬಂದು ಸೇರುವುದು ನಿಂತಿತು, ಮೆರೊಜೋಯಿಟ್‌ಗಳು ಕಾಂಪ್ಲಿಮೆಂಟ್ ದಾಳಿಗೆ ಈಡಾದವು. ಅಂಟುವಿಕೆಯಿಂದ ನಷ್ಟದವರೆಗೆ ಸರಪಳಿ ಬೆಸೆದುಕೊಂಡಿರುವುದೆಂದರೆ ಹೀಗೆ.

ಸುಮ್ಮನಿರುವಂತೆ ಸಂಕೇತ ಕೊಡುವ ಬಗೆಗೆ ರಿಫಿನ್ ಎಂಬ ಪ್ರೋಟೀನು ಕುಟುಂಬ ಉದಾಹರಣೆ. ಇವುಗಳಲ್ಲಿ ಕೆಲವು ಬಿ ಕೋಶ, ಎನ್‌ಕೆ ಕೋಶಗಳ ಮೇಲಿರುವ ಎಲ್‌ಐಎಲ್‌ಆರ್‌ಬಿ1 ಎಂಬ ತಡೆಗ್ರಾಹಿಗೆ ಅಂಟುತ್ತವೆ ಎಂದು 2017ರಲ್ಲಿ ತೋರಿಸಲಾಯಿತು. ಗಮನಿಸಬೇಕಾದ ಪದ ‘ಕೆಲವು’. ಕುಟುಂಬದಲ್ಲಿ ಸುಮಾರು 150 ವಂಶವಾಹಿಗಳಿವೆ, ಒಂದರ ಗುಣವನ್ನು ಎಲ್ಲಕ್ಕೂ ಹೊರಿಸುವುದು ತಪ್ಪು. ಲೀಷ್ಮೇನಿಯಾ ಎಂಬ ಇನ್ನೊಂದು ಪರಾವಲಂಬಿಯ ಜಿಪಿ63 ಎಂಬ ಪ್ರೋಟೀನು ಇನ್ನೊಂದು ಬಗೆಯದು: ಅದು ಕಾಂಪ್ಲಿಮೆಂಟ್‌ನ ಸಿ3ಬಿ ತುಣುಕನ್ನು ನಿಷ್ಕ್ರಿಯ ರೂಪಕ್ಕೆ ಕತ್ತರಿಸುತ್ತದೆ. ತೂತು ಕೊರೆಯುವ ದಾಳಿ ಅದರಿಂದ ತಪ್ಪುತ್ತದೆ. ಆ ನಿಷ್ಕ್ರಿಯ ರೂಪವನ್ನೇ ಹಿಡಿಕೆಯಾಗಿಸಿಕೊಂಡು ಮ್ಯಾಕ್ರೋಫೇಜ್ ಕೋಶ ಪರಾವಲಂಬಿಯನ್ನು ನುಂಗುತ್ತದೆ, ಲೀಷ್ಮೇನಿಯಾಕ್ಕೆ ಬೇಕಾದದ್ದೂ ಅದೇ, ಏಕೆಂದರೆ ಅದು ಬೆಳೆಯುವುದು ಆ ಕೋಶದೊಳಗೆ. ಹಾಗಾಗಿ ಜಿಪಿ63ರ ಹಾಳೆಯಲ್ಲಿ ‘ವಂಚನೆ’ ಮತ್ತು ‘ಪ್ರವೇಶ’ ಎರಡನ್ನೂ ಬರೆಯಬೇಕಾಗುತ್ತದೆ.

ತೆಗೆದು ನೋಡುವ ಪ್ರಯೋಗ, ಅದರ ಮಿತಿ

1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಫಾಲ್ಸಿಪಾರಂ ಪರಾವಲಂಬಿಯನ್ನು ಮನುಷ್ಯರ ರಕ್ತಕಣಗಳಲ್ಲಿ ನಿರಂತರವಾಗಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ, ವಂಶವಾಹಿಯನ್ನು ತೆಗೆದು ಪರಿಣಾಮ ನೋಡುವ ದಾರಿ ಮುಂದೆ ತೆರೆಯಿತು. ಗುಬುಟುಗಳನ್ನು ಕಟ್ಟುವ ಕೆಎಎಚ್‌ಆರ್‌ಪಿ ಪ್ರೋಟೀನನ್ನು 1997ರಲ್ಲಿ ಹೀಗೆ ತೆಗೆದಾಗ ಗುಬುಟುಗಳು ಮೂಡಲಿಲ್ಲ. ನಿಂತ ದ್ರವದಲ್ಲಿ ಕಣಗಳು ಅಂಟಿಕೊಂಡವು, ಆದರೆ ರಕ್ತನಾಳದಂತೆ ಹರಿವು ಇರುವಲ್ಲಿ ಹಿಡಿತ ಸಿಗಲಿಲ್ಲ. ನಿಂತ ನೀರಿನ ಪ್ರಯೋಗವನ್ನಷ್ಟೇ ಮಾಡಿದ್ದರೆ ಕೆಎಎಚ್‌ಆರ್‌ಪಿಗೆ ಮಹತ್ವವಿಲ್ಲ ಎಂಬ ತಪ್ಪು ತೀರ್ಮಾನ ಬರುತ್ತಿತ್ತು. ಅಂಟುವಿಕೆಯ ಪ್ರಯೋಗ ಕಂಡಾಗಲೆಲ್ಲ ಹರಿವು ಇತ್ತೇ ಎಂದು ಕೇಳಿ. ವಂಶವಾಹಿಯನ್ನು ತೆಗೆದವರು ಅದನ್ನು ಮತ್ತೆ ಸೇರಿಸಿ ಹಳೆಯ ಗುಣ ಮರಳಿತೆಂದು ತೋರಿಸಿದ್ದಾರೆಯೇ ಎಂಬುದನ್ನೂ ನೋಡಿ. ದೀರ್ಘಕಾಲ ತಟ್ಟೆಯಲ್ಲಿ ಬೆಳೆದ ಪರಾವಲಂಬಿಗಳು ವರ್ಣತಂತುವಿನ ತುದಿಗಳನ್ನು ತಾವಾಗಿಯೇ ಕಳೆದುಕೊಳ್ಳುವುದುಂಟು, ಕಂಡ ಬದಲಾವಣೆಗೆ ಅದೇ ಕಾರಣವಾಗಿರಬಹುದು.

ತಟ್ಟೆಗೆ ಗುಲ್ಮವಿಲ್ಲ, ಅದು ದೊಡ್ಡ ಮಿತಿ. 1965ರಲ್ಲಿ ರೀಸಸ್ ಕೋತಿಗಳಲ್ಲಿ ಪ್ಲಾಸ್ಮೋಡಿಯಂ ನೋಲ್ಸಿಯ ಸೋಂಕನ್ನು ದೀರ್ಘಕಾಲ ಅನುಸರಿಸಿದಾಗಲೇ, ಪ್ರತಿಕಾಯ ಹುಟ್ಟಿದಂತೆಲ್ಲ ರಕ್ತಕಣಗಳ ಹೊರಮೈಯ ಪ್ರತಿಜನಕ (ಪ್ರತಿಕಾಯ ಗುರುತಿಸುವ ವಸ್ತು) ಬದಲಾಗುವುದು ಕಂಡುಬಂದಿತ್ತು. (ಈ ಪರಾವಲಂಬಿಯನ್ನು 1930ರ ದಶಕದ ಆರಂಭದಲ್ಲಿ ಕಲ್ಕತ್ತೆಯಲ್ಲಿ ನೋಲ್ಸ್ ಮತ್ತು ದಾಸ್ ಗುಪ್ತ ವಿವರಿಸಿದರು, ನಮ್ಮ ಪಾಠಗಳಲ್ಲಿ ಈ ಸಂಗತಿ ಬರಬೇಕಾದಷ್ಟು ಬರುವುದಿಲ್ಲ.) 1983ರ ಇನ್ನೊಂದು ಕೆಲಸದಲ್ಲಿ, ಗುಲ್ಮ ತೆಗೆದ ಕೋತಿಗಳಲ್ಲಿ ಬೆಳೆದ ಪರಾವಲಂಬಿ ಆ ಪ್ರತಿಜನಕವನ್ನು ಹೊರಮೈಯಲ್ಲಿ ತೋರಿಸುವುದನ್ನೇ ಬಿಟ್ಟಿತು. ರಕ್ಷಣೆಯ ಅಂಗವೇ ಇಲ್ಲದಲ್ಲಿ ಅದನ್ನು ವಂಚಿಸುವ ಪ್ರೋಟೀನಿಗೆ ಬೇಡಿಕೆಯಿಲ್ಲ. ಆದ್ದರಿಂದ ತಟ್ಟೆಯಲ್ಲಿ ಒಂದು ಪ್ರೋಟೀನನ್ನು ತೆಗೆದಾಗ ಪರಾವಲಂಬಿ ಚೆನ್ನಾಗಿಯೇ ಬೆಳೆಯಿತು ಎಂಬ ಫಲಿತಾಂಶ ಆ ಪ್ರೋಟೀನಿನ ವಿರುದ್ಧದ ಸಾಕ್ಷ್ಯವಲ್ಲ.

ಯಾರ ದೇಹದಲ್ಲಿ?

ಇಲಿಯ ಮೇಲಿನ ಪ್ರಯೋಗವನ್ನು ಮನುಷ್ಯನಿಗೆ ಅನ್ವಯಿಸುವಾಗ ನಿಧಾನಿಸಬೇಕು. ವಾರ್ ವಂಶವಾಹಿಗಳಿರುವುದು ಫಾಲ್ಸಿಪಾರಂ ಮತ್ತು ವಾನರಗಳಲ್ಲಿರುವ ಅದರ ಹತ್ತಿರದ ಬಂಧುಗಳಲ್ಲಿ ಮಾತ್ರ. ಇಲಿಗಳಲ್ಲಿ ಬಳಸುವ ಪ್ಲಾಸ್ಮೋಡಿಯಂ ಬರ್ಗಿಯಲ್ಲಿ ಅವು ಇಲ್ಲವೇ ಇಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಮತ್ತೊಂದು ಪರಾವಲಂಬಿಯ ಆರ್‌ಒಪಿ18 ಎಂಬ ಕಿಣ್ವ ಇಲಿಯ ಐಆರ್‌ಜಿ ಎಂಬ ರಕ್ಷಕ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವನ್ನು ನಿಷ್ಪ್ರಯೋಜಕಗೊಳಿಸುತ್ತದೆ. ಅಚ್ಚುಕಟ್ಟಾದ, ಸಾಬೀತಾದ ವಂಚನೆ ಅದು. ಆದರೆ ಇಲಿಯಲ್ಲಿ ದೊಡ್ಡ ಕುಟುಂಬವಾಗಿರುವ ಐಆರ್‌ಜಿ ಮನುಷ್ಯರಲ್ಲಿ ಒಂದೆರಡು ಸದಸ್ಯರಿಗೆ ಇಳಿದಿದೆ. ಇಲಿಯಲ್ಲಿ ಮಾರಕ ಎನಿಸಿದ ಪ್ರೋಟೀನಿಗೆ ಮನುಷ್ಯನಲ್ಲಿ ಅದೇ ಪಾತ್ರವನ್ನು ಕೊಡಲಾಗದು.

ಆತಿಥೇಯನ ಒಂದೇ ಪ್ರೋಟೀನು ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ನಮ್ಮ ನೆರೆಯ ಮಹಾರಾಷ್ಟ್ರದಲ್ಲೇ ಒಂದು ಉದಾಹರಣೆಯಿದೆ. ಟ್ರಿಪನೊಸೋಮಾ ಇವಾನ್ಸಿ ದನ, ಎಮ್ಮೆ, ಕುದುರೆಗಳಿಗೆ ಸರ್ರಾ ರೋಗ ತರುವ ಪರಾವಲಂಬಿ. ಕಚ್ಚುವ ನೊಣಗಳು ಅದನ್ನು ಹರಡುತ್ತವೆ. ಮನುಷ್ಯರ ಸೀರಂನಲ್ಲಿರುವ ಎಪಿಒಎಲ್1 ಎಂಬ ಪ್ರೋಟೀನು ಅದನ್ನು ಕೊಂದುಬಿಡುವುದರಿಂದ ನಮಗೆ ಸಾಮಾನ್ಯವಾಗಿ ಅದು ತಗುಲುವುದಿಲ್ಲ. ಆದರೂ ಅಲ್ಲಿನ ಒಬ್ಬ ರೈತರಲ್ಲಿ ಸೋಂಕು ಕಂಡುಬಂತು. 2006ರಲ್ಲಿ ಪ್ರಕಟವಾದ ತನಿಖೆಯ ಪ್ರಕಾರ ಅವರ ಎರಡೂ ಎಪಿಒಎಲ್1 ಪ್ರತಿಗಳಲ್ಲಿ ದೋಷವಿತ್ತು, ಸೀರಂಗೆ ಪರಾವಲಂಬಿಯನ್ನು ಕೊಲ್ಲುವ ಶಕ್ತಿ ಇರಲಿಲ್ಲ. ಹೊರಗಿನಿಂದ ಎಪಿಒಎಲ್1 ಸೇರಿಸಿದಾಗ ಆ ಸೀರಂಗೆ ಶಕ್ತಿ ಮರಳಿತು. ಆಫ್ರಿಕಾದಲ್ಲಿ ನಿದ್ರಾರೋಗ ತರುವ ಟ್ರಿಪನೊಸೋಮಾಗಳಲ್ಲಿ ಒಂದಾದ ರೊಡೇಸಿಯೆನ್ಸ್‌ನಲ್ಲಿ ಇದೇ ಎಪಿಒಎಲ್1ಗೆ ಅಂಟಿ ಅದನ್ನು ನಿಷ್ಫಲಗೊಳಿಸುವ ಎಸ್‌ಆರ್‌ಎ ಎಂಬ ಪ್ರೋಟೀನಿದೆ. ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ಓದಿ: ಒಂದರಲ್ಲಿ ಆಯುಧವೇ ಇರಲಿಲ್ಲ, ಇನ್ನೊಂದರಲ್ಲಿ ಪರಾವಲಂಬಿ ಆಯುಧವನ್ನು ಮುರಿಯಿತು. ಇವಾನ್ಸಿಯ ಪ್ರಕರಣದಲ್ಲಿ ಪರಾವಲಂಬಿಗೆ ವಂಚಿಸುವ ಕಷ್ಟವೇ ಬರಲಿಲ್ಲ. ಸೋಂಕು ಆಯಿತೆಂದ ಮಾತ್ರಕ್ಕೆ ವಂಚನೆಯನ್ನು ಊಹಿಸಬಾರದು.

ಜನರ ಬದುಕಿನಿಂದ ಬಂದ ಸಾಕ್ಷ್ಯ

ಮನುಷ್ಯರ ಮೇಲೆ ಪ್ರೋಟೀನನ್ನು ತೆಗೆದು ನೋಡುವ ಪ್ರಯೋಗ ಮಾಡಲಾಗದು, ಆದರೆ ಕೆಲವೊಮ್ಮೆ ಬದುಕೇ ಅದಕ್ಕೆ ಸಮನಾದ ಸನ್ನಿವೇಶವನ್ನು ಒದಗಿಸುತ್ತದೆ. ಮಲೇರಿಯಾ ತೀವ್ರವಾಗಿರುವ ಆಫ್ರಿಕಾದ ಪ್ರದೇಶಗಳಲ್ಲಿ, ಬಾಲ್ಯದಿಂದ ಸೋಂಕುಗಳನ್ನು ಕಂಡು ಸಾಕಷ್ಟು ನಿರೋಧಕತೆ ಗಳಿಸಿದ ಹೆಣ್ಣುಮಕ್ಕಳು ಚೊಚ್ಚಲ ಬಸಿರಿನಲ್ಲಿ ಮತ್ತೆ ಮಲೇರಿಯಾಕ್ಕೆ ಸುಲಭ ತುತ್ತಾಗುತ್ತಾರೆ. ಕಾರಣ, ಮಾಸು ಎಂಬ ಹೊಸ ಅಂಗದಲ್ಲಿ ಕಾಂಡ್ರೊಯಿಟಿನ್ ಸಲ್ಫೇಟ್ ಎ ಎಂಬ ಸಕ್ಕರೆ ಸರಪಳಿ ದೊರೆಯುತ್ತದೆ, ಅದಕ್ಕೆ ಅಂಟುವ ಪಿಎಫ್‌ಇಎಂಪಿ1 ರೂಪವೇ ಮೇಲೆ ಹೇಳಿದ ವಾರ್2ಸಿಎಸ್‌ಎ. ಆ ತಾಯಂದಿರ ದೇಹ ಈ ರೂಪವನ್ನು ಹಿಂದೆ ಕಂಡಿರುವುದಿಲ್ಲ. ಮುಂದಿನ ಬಸಿರುಗಳಲ್ಲಿ ಅದಕ್ಕೆದುರಾದ ಪ್ರತಿಕಾಯಗಳು ಹೆಚ್ಚುತ್ತವೆ, ಅಪಾಯ ಇಳಿಯುತ್ತದೆ. ಅದೇ ಊರಿನ ಗಂಡಸರಲ್ಲಿ ಆ ಪ್ರತಿಕಾಯಗಳು ಸಾಮಾನ್ಯವಾಗಿ ಇರುವುದಿಲ್ಲ. ಒಂದು ರೂಪ, ಒಂದು ಅಂಗ, ಒಂದು ಬಗೆಯ ಪ್ರತಿಕಾಯ ಇವು ಮೂರೂ ಜನಸಮುದಾಯದ ಮಟ್ಟದಲ್ಲಿ ಹೀಗೆ ಒಟ್ಟಿಗೆ ಕೂಡಿಬಂದಾಗ ಬರುವ ಬಲ ಯಾವ ತಟ್ಟೆಯ ಪ್ರಯೋಗಕ್ಕೂ ಇಲ್ಲ. ಮಾಸಿನ ಮಲೇರಿಯಾಕ್ಕೆ ಲಸಿಕೆ ತಯಾರಿಸುವ ಪ್ರಯತ್ನಗಳು ಈ ಪ್ರೋಟೀನನ್ನೇ ಹಿಡಿದು ಹೊರಟಿರುವುದಕ್ಕೆ ಇದೇ ಆಧಾರ, ಮತ್ತು ತಾಯಿ ಮಗುವಿನ ಜೀವ ಇದರ ಮೇಲೆ ನಿಂತಿದೆ.

ರಿಫಿನ್‌ಗಳ ವಿಷಯದಲ್ಲೂ ಜನರ ರಕ್ತವೇ ಅಚ್ಚರಿಯ ಸುಳಿವು ಕೊಟ್ಟಿತು. 2016ರಲ್ಲಿ ವರದಿಯಾದಂತೆ, ಮಲೇರಿಯಾ ಪ್ರದೇಶದ ಕೆಲವು ಆಫ್ರಿಕನ್ನರಲ್ಲಿ ಪ್ರತಿಕಾಯದ ವಂಶವಾಹಿಯೊಳಗೆ ಎಲ್‌ಎಐಆರ್1 ಎಂಬ ಗ್ರಾಹಿಯ ತುಂಡೇ ಬಂದು ಸೇರಿಕೊಂಡಿತ್ತು, ಆ ತುಂಡಿನ ಮೂಲಕ ಪ್ರತಿಕಾಯ ಹಲವು ರಿಫಿನ್‌ಗಳನ್ನು ಹಿಡಿಯುತ್ತಿತ್ತು.

ವೈವಿಧ್ಯವನ್ನು ಓದುವಾಗ

ಒಂದು ಪ್ರೋಟೀನು ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ ಎಂದರೆ ಅದು ಪ್ರತಿಕಾಯದ ಒತ್ತಡದಲ್ಲಿದೆ ಎಂದು ಶಂಕಿಸಬಹುದು. ಆದರೆ ಬದಲಾಗದ ಪ್ರೋಟೀನು ರಕ್ಷಣೆಯ ಕಣ್ಣಿಗೆ ಬೀಳುತ್ತಿದೆ ಎಂದು ಅರ್ಥವಲ್ಲ. ಮೆರೊಜೋಯಿಟ್‌ನ ಆರ್‌ಎಚ್5 ರಕ್ತಕಣದ ಬೇಸಿಜಿನ್ ಎಂಬ ಗ್ರಾಹಿಗೆ ಅಂಟುತ್ತದೆ ಎಂಬುದು 2011ರಲ್ಲಿ ತಿಳಿಯಿತು. ಅದರಲ್ಲಿ ಬದಲಾವಣೆಗಳು ಕಡಿಮೆ. ಮೆರೊಜೋಯಿಟ್ ಹೊರಬಂದು ಹೊಸ ಕಣವನ್ನು ಹೊಕ್ಕುವುದು ನಿಮಿಷಗಳ ಲೆಕ್ಕದ ಕೆಲಸ. ಇಷ್ಟು ಅಲ್ಪಕಾಲ ಮುಖ ತೋರಿಸಿ ಮರೆಯಾಗುವುದೂ ತಪ್ಪಿಸಿಕೊಳ್ಳುವ ಒಂದು ರೀತಿ. ವೇಷ ಬದಲಿಸದ ಪ್ರೋಟೀನು ಲಸಿಕೆಗೆ ಹೆಚ್ಚು ಒದಗಬಹುದು ಎಂಬ ಕಾರಣಕ್ಕೆ ಆರ್‌ಎಚ್5 ಮೇಲೆ ಇಂದು ಗಂಭೀರ ಕೆಲಸ ನಡೆದಿದೆ.

ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ಈ ಪಟ್ಟಿಗೆ ಸೇರಿಸುವ ತಪ್ಪನ್ನು ವಿದ್ಯಾರ್ಥಿಗಳು ಮಾಡುತ್ತಾರೆ. ಮಲೇರಿಯಾದ ತ್ವರಿತ ಪರೀಕ್ಷಾ ಪಟ್ಟಿಗಳಲ್ಲಿ ಹೆಚ್ಚಿನವು ಇದನ್ನೇ ಹುಡುಕುತ್ತವೆ. ಇದರ ವಂಶವಾಹಿ ಕಳೆದುಕೊಂಡ ಪರಾವಲಂಬಿಗಳು ಪೆರುವಿನಲ್ಲಿ ಪತ್ತೆಯಾದುದು 2010ರಲ್ಲಿ ವರದಿಯಾಯಿತು, ನಂತರ ಬೇರೆ ಹಲವು ದೇಶಗಳಲ್ಲೂ ಸಿಕ್ಕವು. ಅವು ತಪ್ಪಿಸಿಕೊಳ್ಳುವುದು ನಮ್ಮ ಪರೀಕ್ಷೆಯಿಂದ, ರೋಗನಿರೋಧಕ ವ್ಯವಸ್ಥೆಯಿಂದಲ್ಲ. ಚಿಕಿತ್ಸೆಯ ದೃಷ್ಟಿಯಿಂದ ಇದು ಬಹಳ ಗಂಭೀರ, ಆದರೆ ಪ್ರಶ್ನೆ ಬೇರೆ.

ಈಗ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು, ಪ್ರಯೋಗದಿಂದ ನೇರವಾಗಿ ಬಂದದ್ದನ್ನು ಶಾಯಿಯಲ್ಲಿಯೂ ಊಹೆಯಾಗಿ ಬಂದದ್ದನ್ನು ಪೆನ್ಸಿಲಿನಲ್ಲಿಯೂ ತುಂಬಿ. ಮೊದಲ ಅಭ್ಯಾಸಕ್ಕೆ ಪಿಎಫ್‌ಎಸ್47 ಎಂಬ ಫಾಲ್ಸಿಪಾರಂ ಪ್ರೋಟೀನನ್ನು ಆರಿಸಿಕೊಳ್ಳಲು ನಾನು ಹೇಳುತ್ತೇನೆ. 2013ರಲ್ಲಿ ಪ್ರಕಟವಾದ ಕೆಲಸದಲ್ಲಿ ಅದಕ್ಕೆ ಒಂದು ರಕ್ಷಣಾ ವ್ಯವಸ್ಥೆಯಿಂದ ಪರಾವಲಂಬಿಯನ್ನು ಪಾರುಮಾಡುವ ಪಾತ್ರ ಕಂಡುಬಂತು. ಎರಡನೆಯ ಖಾಲಿ ಜಾಗಕ್ಕೆ ಬಂದು ಯಾರ ರಕ್ಷಣೆ ಎಂದು ಹುಡುಕಿದಾಗ, ಅದು ಮನುಷ್ಯನದ್ದಲ್ಲ, ಟಿಇಪಿ1 ಎಂಬ ಕಾಂಪ್ಲಿಮೆಂಟ್ ಸದೃಶ ಪ್ರೋಟೀನನ್ನು ಹೊಂದಿರುವ ಅನಾಫಿಲಿಸ್ ಸೊಳ್ಳೆಯದ್ದು ಎಂಬುದು ನಿಮಗೇ ಕಾಣಿಸುತ್ತದೆ.